ಸ್ಕಿಜೋಫ್ರೇನಿಯಾ ವಾಸಿಯಾಗಲು ಮಾತ್ರೆ ಒಂದೇ ಸಾಕಾ?

ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಮಾತ್ರೆ ಶುರುವಾಗಿದೆ, ಇಷ್ಟೇ ಸಾಕಾ ಅಂತ ಕೇಳಿದ್ದೀರಿ. ಮಾತ್ರೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಹುಷಾರಾದ ಅಂತ ಸುಮ್ನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೇ ಜಾಸ್ತಿ.

ಮನೆಯವರ ಮಾತೂ ಅಷ್ಟೇ ಮುಖ್ಯ. ಬೆಳಿಗ್ಗೆ ಹತ್ತಾದರೂ ಏಳದಿದ್ದರೆ "ಸೋಮಾರಿ" ಅಂತ ದಯವಿಟ್ಟು ಬೈಯಬೇಡಿ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಈ ಕಾಯಿಲೆಯದೇ ಲಕ್ಷಣ. ಮಾತ್ರೆಯಿಂದಲೂ ಮಂಪರು ಬರುತ್ತದೆ. ಸದಾ ಟೀಕೆ, ಸಿಡುಕು ಇರುವ ಮನೆಗಳಲ್ಲಿ ಕಾಯಿಲೆ ಮತ್ತೆ ಕೆರಳುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಸೊಪ್ಪು ಬಿಡಿಸುವಂಥ ಚಿಕ್ಕ ಕೆಲಸ ಕೊಟ್ಟು ನೋಡಿ. ಆಮೇಲೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ವಿಚಾರಿಸಿ, ಅಲ್ಲಿ ಕೆಲಸದ ತರಬೇತಿಯೂ ಇದೆ. ರಾತ್ರಿ ಹೊತ್ತು ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.