ವಿಡಿಯೋ ಗೇಮ್ ಬಗ್ಗೆ ರ‍್ಯಾಪ್ ಮಾಡುವ ಹೊಸಬರು ಯಾರಿದ್ದಾರೆ?

ಡ್ಯಾನ್ ಬುಲ್ ಹೆಸರು ನೀವು ಕೇಳಿರಬಹುದು, ಅವರ ನಂತರ ಬಂದವರಲ್ಲಿ ನಾನು ಹೇಳೋದು ದಿ ಸ್ಟುಪೆಂಡಿಯಮ್. ಬ್ರಿಟನ್ನಿನವರು, ತೀರಾ ಹೊಸಬರೇನಲ್ಲ, ಆದರೆ ನಮ್ಮ ಕಡೆ ಕೇಳಿದವರು ಕಡಿಮೆ. ಸುಮ್ನೆ ಗೇಮ್ ಹೆಸರು ಹಾಕಿ ಪ್ರಾಸ ಕಟ್ಟುವುದಿಲ್ಲ, ಗೇಮಿನೊಳಗಿನ ಪಾತ್ರವೇ ಆಗಿ, ವೇಷ ಹಾಕಿಕೊಂಡು ಹಾಡುತ್ತಾರೆ. 2019ರ ದಿ ಔಟರ್ ವರ್ಲ್ಡ್ಸ್ ಗೇಮಿನಲ್ಲಿ ಕೆಲಸಗಾರರು ಕಂಪನಿಯ ಸ್ವತ್ತು, ಸತ್ತ ಮೇಲೆ ಹೂಳುವ ಜಾಗಕ್ಕೂ ದುಡ್ಡು ಕಟ್ಟಬೇಕು. ಅದರ ಮೇಲಿನ ಹಾಡಿನಲ್ಲಿ ಇವರೇ ಕಂಪನಿ ಕಡೆಯವರಾಗಿ ಷರತ್ತುಗಳನ್ನು ಒದರುತ್ತಾರೆ. ನಾನು ಇದನ್ನು ಮೊದಲು ಕೇಳಿದ್ದು ತುಮಕೂರು–ಬೆಂಗಳೂರು ಬೆಳಗಿನ ರೈಲಿನಲ್ಲಿ, ಬಾಗಿಲ ಹತ್ತಿರ ನಿಂತುಕೊಂಡು. ಕೆಲಸಕ್ಕೆ ಹೋಗುವಾಗ ಕೇಳಬಾರದು ಗುರು! ವೇಗ ಜಾಸ್ತಿ, ಅರ್ಧ ಪದ ಕಿವಿಗೆ ಸಿಗಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.