ಯುದ್ಧ ಬೇಡ ಎನ್ನುತ್ತಲೇ ಸೈನಿಕರ ಪರ ನಿಲ್ಲಬಹುದೇ?

ಯುದ್ಧವನ್ನು ವಿರೋಧಿಸುತ್ತೇನೆ, ಸೈನಿಕರನ್ನು ಬೆಂಬಲಿಸುತ್ತೇನೆ ಅನ್ನುವುದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಅಲ್ಲವೇ ಎಂದು ಕೇಳಿದ್ದೀರಿ. ಅರ್ಧ ನಿಜ. ಬಾಯಿಮಾತಿನಲ್ಲಿ ಎರಡನ್ನೂ ಬೇರೆ ಮಾಡುವುದು ಸುಲಭ, ಅದರಿಂದ ಯಾರಿಗೂ ನಯಾಪೈಸೆ ಲಾಭವಿಲ್ಲ. ನಿಮ್ಮ ದುಡ್ಡು, ನಿಮ್ಮ ಹೊಗಳಿಕೆ, ನಿಮ್ಮ ಸಿಟ್ಟು ಕೊನೆಗೆ ಯಾರಿಗೆ ಹೋಗಿ ಮುಟ್ಟುತ್ತದೆ ಅಂತ ನೋಡಿದರೆ ಗೆರೆ ಕಾಣುತ್ತದೆ.

ಶ್ರೀಲಂಕಾಕ್ಕೆ ಹೋಗಿದ್ದ ನಮ್ಮ ಶಾಂತಿಪಾಲನಾ ಪಡೆಯನ್ನೇ ತಗೊಳ್ಳಿ, ಐಪಿಕೆಎಫ್. 1987ರ ಜುಲೈ 29ರಂದು ರಾಜೀವ್ ಗಾಂಧಿ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಉಗ್ರರಿಂದ ಶಸ್ತ್ರ ಕೆಳಗಿಳಿಸಲು ಹೋದ ಪಡೆ ಅಕ್ಟೋಬರ್ ಹೊತ್ತಿಗೆ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇ ಜೊತೆ ನೇರ ಕಾದಾಟಕ್ಕೆ ಬಿದ್ದಿತ್ತು. ಅಕ್ಟೋಬರ್ 11-12ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಿಂದ ಇಳಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ರೇಡಿಯೊ ಕದ್ದಾಲಿಸಿ ಎದುರಾಳಿ ಮೊದಲೇ ಹೊಂಚು ಹಾಕಿದ್ದ. ಗುಂಡೇಟಿಗೆ ಹೆಲಿಕಾಪ್ಟರ್‌ಗಳು ಜಖಂಗೊಂಡು ಉಳಿದ ತುಕಡಿ ಬರಲೇ ಇಲ್ಲ. 1990ರ ಮಾರ್ಚ್ 24ರಂದು ಕೊನೆಯ ತಂಡ ಮರಳುವಷ್ಟರಲ್ಲಿ ಸುಮಾರು 1,200 ಯೋಧರು ತೀರಿಹೋಗಿದ್ದರು. ಮದ್ರಾಸಿನಲ್ಲಿ ಅವರನ್ನು ಬರಮಾಡಿಕೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

ಈ ಪಡೆಯ ಕೈಯಲ್ಲಿ ಅಲ್ಲಿನ ತಮಿಳು ನಾಗರಿಕರು ಸತ್ತಿದ್ದು ಸುಳ್ಳಲ್ಲ, ಕರುಣಾನಿಧಿಯವರ ಸಿಟ್ಟಿಗೆ ಕಾರಣವಿತ್ತು. ಆದರೆ ಅದು ತಪ್ಪು ಬಾಗಿಲು ಬಡಿಯಿತು ಅನ್ನುವುದು ನನ್ನ ಅಭಿಪ್ರಾಯ. ಪಡೆ ಕಳಿಸುವ ನಿರ್ಧಾರ ದೆಹಲಿಯದು. ಸಿಪಾಯಿಗೆ ಒಲ್ಲೆ ಅನ್ನುವ ದಾರಿಯೇ ಇಲ್ಲ: 1950ರ ಸೇನಾ ಕಾಯ್ದೆಯ 41ನೇ ಕಲಂ ಪ್ರಕಾರ ಸಮರಸೇವೆಯಲ್ಲಿದ್ದಾಗ ಆಜ್ಞೆ ಮೀರಿದರೆ 14 ವರ್ಷದವರೆಗೆ ಜೈಲು. ಸಂವಿಧಾನದ 33ನೇ ವಿಧಿಯ ಬಲದಿಂದ ಅವನ ಮಾತಿಗೂ ಕಡಿವಾಣವಿದೆ. ಹಾಗಂತ ಎಲ್ಲಕ್ಕೂ ಇದು ರಕ್ಷೆಯಲ್ಲ, 41ನೇ ಕಲಂ ಹೇಳುವುದು ಕಾನೂನುಬದ್ಧ ಆಜ್ಞೆಯ ಬಗ್ಗೆ ಮಾತ್ರ. 1987ರ ಅದೇ ಅಕ್ಟೋಬರ್ 21-22ರಂದು ಜಾಫ್ನಾ ಆಸ್ಪತ್ರೆಯೊಳಗೆ ಭಾರತೀಯ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು (ಒಳಗಿಂದ ಗುಂಡು ಬಂತು ಎಂಬುದು ಸೇನೆಯ ವಾದ). ಯೋಧರ ಮೇಲಿನ ಗೌರವದ ಹೆಸರಲ್ಲಿ ಅದನ್ನು ಮುಚ್ಚಿಹಾಕುವಂತಿಲ್ಲ.

ಯುದ್ಧವನ್ನೂ ಸೈನಿಕರನ್ನೂ ಬೇರ್ಪಡಿಸಲಾಗದ ಜಾಗವೂ ಇದೆ. ಒಳ್ಳೆಯ ಗುಂಡುನಿರೋಧಕ ಜಾಕೆಟ್ ಕೊಡಿಸಿ ಎಂದು ಒತ್ತಾಯಿಸಿದರೆ ಜೀವ ಉಳಿಯುತ್ತದೆ. ಸಾವು ಕಡಿಮೆಯಾದಷ್ಟೂ ಯುದ್ಧ ಎಳೆಯುವುದು ಸರ್ಕಾರಕ್ಕೆ ಸಲೀಸಾಗುತ್ತದೆ. ನಾನಾದರೆ ಜಾಕೆಟ್ಟೇ ಕೇಳುತ್ತೇನೆ. ಚುನಾವಣಾ ಪೋಸ್ಟರಿನಲ್ಲಿ ಯೋಧರ ಫೋಟೊ ಮಾತ್ರ ಬೇರೆಯದೇ ಕತೆ. ಅಲ್ಲಿ ಹೊಗಳಿಕೆ ಪೂರ್ತಿ ನಿರ್ಧಾರ ಮಾಡಿದವರ ಖಾತೆಗೆ ಜಮೆ. 2019ರ ಮಾರ್ಚ್‌ನಲ್ಲಿ ಅದನ್ನು ಬಳಸಬೇಡಿ ಎಂದು ಚುನಾವಣಾ ಆಯೋಗವೇ ಪಕ್ಷಗಳಿಗೆ ಹೇಳಬೇಕಾಯಿತು.

ಇನ್ನು ದುಡ್ಡು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಿಗೇ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಿತು: ಸೇನೆಯ ಆಧುನೀಕರಣಕ್ಕೆ ಖಾತೆ ತೆರೆದಿದ್ದಾರೆ, ಒಂದು ರೂಪಾಯಿಯಾದರೂ ಹಾಕಿ ಅಂತ. ದಾರಿ ತಪ್ಪಿಸುವ ಸಂದೇಶ, ಖಾತೆಯ ವಿವರವೂ ತಪ್ಪು ಎಂದು ರಕ್ಷಣಾ ಸಚಿವಾಲಯ ಹೇಳಿತು. ಅಸಲಿಗೆ ಇರುವುದು ಸಶಸ್ತ್ರ ಪಡೆಗಳ ಯುದ್ಧ ಸಂತ್ರಸ್ತರ ಕಲ್ಯಾಣ ನಿಧಿ. 2016ರ ಫೆಬ್ರುವರಿಯ ಸಿಯಾಚಿನ್ ಹಿಮಕುಸಿತದಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಸೇರಿ 10 ಮಂದಿ ತೀರಿಕೊಂಡಾಗ ಜನ ತಾವಾಗಿಯೇ ಹಣ ಕೊಡಲು ಮುಂದೆ ಬಂದರು, ಅದರಿಂದ ಹುಟ್ಟಿದ ನಿಧಿ ಇದು. ಹಣ ಹೋಗುವುದು ಮಡಿದವರ ಕುಟುಂಬಕ್ಕೆ, ಅಂಗವಿಕಲರಾದವರಿಗೆ. ಬಂದೂಕಿನ ಖರ್ಚು ರಕ್ಷಣಾ ಬಜೆಟ್ಟಿನದು.

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿ ಇನ್ನೂ ನೇರ. ಸಿಪಾಯಿಗೆ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷ ಸೇವೆ ಬೇಕು. ಅದಕ್ಕೂ ಮೊದಲೇ ಹೊರಬಿದ್ದು, ಬಡತನದಲ್ಲಿ 65 ದಾಟಿದ ಹವಾಲ್ದಾರ್ ದರ್ಜೆವರೆಗಿನವರಿಗೆ ಇದರಿಂದ ತಿಂಗಳಿಗೆ 8,000 ರೂಪಾಯಿ ಸಿಗುತ್ತದೆ. 2025ರ ಅಕ್ಟೋಬರ್‌ವರೆಗೆ ಅದು 4,000 ಇತ್ತು.

ಜನರ ಕಣ್ಣಿಗೆ ಬೀಳದ ಜಾಗ, ಸೈನಿಕರ ಅಂಗವೈಕಲ್ಯ ಅಳೆಯುವ ಸೇನೆಯ ವೈದ್ಯಕೀಯ ಮಂಡಳಿ. ಅಂಗವೈಕಲ್ಯ ಶೇ 20 ಇದ್ದರೂ, ಬಿಡುಗಡೆಯ ವೇಳೆ ಮಂಡಳಿ ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಬರೆದರೆ ಅಂಗವೈಕಲ್ಯ ಪಿಂಚಣಿ ಕೈತಪ್ಪುತ್ತದೆ. ಭರ್ತಿಯ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು ಎಂದು 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೂ ಸರ್ಕಾರ ಇಂಥ ಪ್ರಕರಣಗಳಲ್ಲಿ ಮೇಲ್ಮನವಿ ಹಾಕುತ್ತಲೇ ಬಂದಿದೆ. ಯುದ್ಧದ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಇಲ್ಲಿ ಯೋಧನ ಪರ ನಿಲ್ಲಲು ಅಡ್ಡಿಯಿಲ್ಲ. ಹೀಗೆ ಪಿಂಚಣಿ ಕೈತಪ್ಪಿದ ಪರಿಚಯದವರಿದ್ದರೆ ಮೊದಲು ಮಂಡಳಿಯ ವರದಿಯ ಪ್ರತಿ ತರಿಸಿಕೊಡಿ. ತಿರಸ್ಕಾರ ಪತ್ರ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದು ಬಿದ್ದರೆ ಎರಡನೆಯದು, ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಗಡುವು ಮೀರಿದರೆ ತಡವಾದದ್ದಕ್ಕೆ ಕಾರಣ ಬರೆದು ಒಪ್ಪಿಸಬೇಕಾಗುತ್ತದೆ. ಕರ್ನಾಟಕದಲ್ಲಾದರೆ ಈ ಕಾಗದಪತ್ರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.