ಎರಡು ಲೈಟಿಂಗ್ ಕನ್ಸೋಲ್ ಜೋಡಿಸಿ ಒಂದೇ ಗೋ ಬಟನ್‌ನಲ್ಲಿ ನಾಟಕ ನಡೆಸಬಹುದಾ?

ಮೊದಲು ಆ ವೈ ಕೇಬಲ್ ಪಕ್ಕಕ್ಕಿಡಿ.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: 24 ಡಿಮ್ಮರ್ (ಲೈಟಿನ ಬೆಳಕು ಏರಿಸಿ ಇಳಿಸುವ ಸಾಧನ) ನಡೆಸುವ ಹಳೆಯ ಕನ್ಸೋಲ್, ಅಂದರೆ ಲೈಟ್ ನಿಯಂತ್ರಿಸುವ ಬೋರ್ಡ್, ಒಂದಿದೆ. 8 ಮೂವಿಂಗ್ ಹೆಡ್‌ಗಳಿಗೆ, ಅಂದರೆ ಮೋಟಾರ್‌ನಿಂದ ತಿರುಗುವ ಲೈಟ್‌ಗಳಿಗೆ, ಹೊಸದೊಂದು ಬಂದಿದೆ. ಎರಡರ ಮುಂದೆ ಕೂರುವವರು ನೀವೊಬ್ಬರೇ. ಎರಡರ ಡಿಎಂಎಕ್ಸ್ (ಲೈಟ್‌ಗಳಿಗೆ ಆಜ್ಞೆ ಕಳಿಸುವ ಸಿಗ್ನಲ್) ಔಟ್‌ಗಳನ್ನೂ ವೈ ಕೇಬಲ್‌ನಲ್ಲಿ ಸೇರಿಸಿಬಿಟ್ಟರೆ ಸಾಕಾ ಅಂತ.

ಸಾಕಾಗಲ್ಲ. ಡಿಎಂಎಕ್ಸ್ ತಂತಿಯಲ್ಲಿ ಮಾತಾಡುವವರು ಒಬ್ಬರೇ, ಮಿಕ್ಕವರೆಲ್ಲ ಕೇಳುವವರು. ಕನ್ಸೋಲ್ 512 ಚಾನೆಲ್‌ಗಳಿಗೂ 0ಯಿಂದ 255ರೊಳಗಿನ ಒಂದೊಂದು ಅಂಕಿಯನ್ನು ಸಾಲಾಗಿ ಒದರುತ್ತಾ ಹೋಗುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರು. ಹೀಗೆ ಸೆಕೆಂಡಿಗೆ 44 ಸಲದವರೆಗೂ ನಡೆಯುತ್ತದೆ. ಇಬ್ಬರು ಒಟ್ಟಿಗೆ ಒದರಿದರೆ ಲೈಟ್‌ಗಳಿಗೆ ಏನೂ ತಿಳಿಯುವುದಿಲ್ಲ. ಡಿಮ್ಮರ್ ಮಿಟುಕುತ್ತದೆ, ಮೂವಿಂಗ್ ಹೆಡ್ ಮೈಮೇಲೆ ಬಂದ ಹಾಗೆ ಕುಣಿಯುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿಮಗೆ ನಿಜಕ್ಕೂ ಎರಡು ಕನ್ಸೋಲ್ ಬೇಕಾ? ಹೆಡ್‌ಗಳು 16 ಚಾನೆಲ್ ಮೋಡ್‌ನಲ್ಲಿವೆ ಅಂದಿದ್ದೀರಿ. 8 ಹೆಡ್‌ಗೆ 128, ಡಿಮ್ಮರ್‌ಗೆ 24, ಒಟ್ಟು 152 ಚಾನೆಲ್. ಒಂದೇ ಯೂನಿವರ್ಸ್‌ನಲ್ಲಿ, ಅಂದರೆ 512 ಚಾನೆಲ್‌ಗಳ ಒಂದು ಗುಂಪಿನಲ್ಲಿ, ಆರಾಮಾಗಿ ಹಿಡಿಸುತ್ತದೆ, ಅರ್ಧಕ್ಕಿಂತ ಜಾಸ್ತಿ ಖಾಲಿ ಉಳಿಯುತ್ತದೆ. ಡಿಮ್ಮರ್ ಮತ್ತು ಹೆಡ್‌ಗಳಿಗೆ ಬೇರೆ ಬೇರೆ ಲೈನ್ ಹೋಗುವ ಹಾಗೆ ಒಂದು ಸ್ಪ್ಲಿಟರ್, ಪ್ರತಿ ಲೈನಿನ ಕೊನೆಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ ಪ್ಲಗ್). ಅಷ್ಟೇ ಕೆಲಸ. ಹಳೆಯದರ ಫೇಡರ್‌ಗಳು ಕೈಗೆ ಒಗ್ಗಿವೆ, ಬಿಡಲು ಮನಸ್ಸಿಲ್ಲ ಅಂದರೆ ಅದೂ ನ್ಯಾಯವೇ. ಹಾಗಿದ್ದರೆ ಮುಂದೆ ಓದಿ.

ಜೋಡಿಸುವುದು ಅಂದಾಗ ಏನನ್ನು ಜೋಡಿಸುತ್ತಿದ್ದೀರಿ ಅನ್ನುವುದು ಮುಖ್ಯ. ಹೊರಗೆ ಹೋಗುವ ಮಟ್ಟಗಳನ್ನಾ, ಮುಂದಿನ ಬೆಳಕಿಗೆ ಹೋಗಲು ಹೇಳುವ ಗೋ ಅನ್ನುವ ಆಜ್ಞೆಯನ್ನಾ, ಅಥವಾ ಇಡೀ ಶೋ ಫೈಲನ್ನಾ? ಕೊನೆಯದು ನಿಮಗೆ ಆಗದ ಕೆಲಸ. ಗ್ರ್ಯಾಂಡ್‌ಎಂಎ ಅನ್ನುವ ಎರಡು ಕನ್ಸೋಲ್ ಸೇರಿ ಒಂದೇ ಶೋ ಹಂಚಿಕೊಳ್ಳುತ್ತವೆ, ಅದೂ ಸಾಫ್ಟ್‌ವೇರ್ ವರ್ಷನ್ ಹೊಂದಬೇಕು. ಬೇರೆ ಬೇರೆ ಕಂಪನಿಯ ಕನ್ಸೋಲ್‌ಗಳ ನಡುವೆ ಆ ನೆಂಟಸ್ತನ ಇಲ್ಲ.

ಮಟ್ಟಗಳನ್ನು ಸೇರಿಸಲು ಮರ್ಜರ್ ಅನ್ನುವ ಪೆಟ್ಟಿಗೆ ಬರುತ್ತದೆ. ಎರಡು ಕನ್ಸೋಲ್ ಒಳಗೆ, ಒಂದು ಲೈನ್ ಹೊರಗೆ. ಸಾಮಾನ್ಯವಾಗಿ ಎಚ್‌ಟಿಪಿ ನಿಯಮದಲ್ಲಿ ಓಡುತ್ತದೆ, ಅಂದರೆ ಎರಡರಲ್ಲಿ ದೊಡ್ಡ ಅಂಕಿ ಗೆಲ್ಲುತ್ತದೆ. ಡಿಮ್ಮರ್‌ಗೆ ಇದು ಸರಿ. ಮೂವಿಂಗ್ ಹೆಡ್‌ಗೆ ಏನಾಗುತ್ತದೆ ಅಂತ ನಾನು ಏಣಿ ಹತ್ತಿ ಕಲಿತಿದ್ದೇನೆ. ಒಂದು ರಿಹರ್ಸಲ್‌ನಲ್ಲಿ ಎರಡನೇ ಹೆಡ್ ರಂಗದ ಎಡಕ್ಕೆ ತಿರುಗಲೇ ಒಪ್ಪಲಿಲ್ಲ. ಬಲಕ್ಕೆ ಸಲೀಸಾಗಿ ಹೋಗುತ್ತದೆ, ಎಡಕ್ಕೆ ಕಳಿಸಿದರೆ ನಡುವಿಗೆ ಬಂದು ನಿಂತುಬಿಡುತ್ತದೆ. ಮೋಟಾರ್ ಹೋಯ್ತು ಅಂದುಕೊಂಡು ಮೇಲೆ ಹತ್ತಿ ಬೆಲ್ಟ್ ಎಲ್ಲ ನೋಡಿದೆ. ಏನೂ ಆಗಿರಲಿಲ್ಲ. ಇಳಿದು ಹಳೆಯ ಕನ್ಸೋಲ್‌ನ ಪ್ಯಾಚ್ (ಯಾವ ಲೈಟ್ ಯಾವ ಚಾನೆಲ್‌ನಲ್ಲಿ ಅನ್ನುವ ಪಟ್ಟಿ) ತೆರೆದು ನೋಡಿದರೆ, ಹಿಂದಿನ ಶೋದ ಲೈಟ್ ಒಂದು ಅದೇ ಅಡ್ರೆಸ್‌ನಲ್ಲಿ ಹಾಗೇ ಕೂತಿತ್ತು, ಎಡಬಲ ತಿರುಗಿಸುವ ಪ್ಯಾನ್ ಚಾನೆಲ್‌ಗೆ ಸುಮ್ನೆ 127 ಕಳಿಸುತ್ತಾ. ನಾನು 200 ಕೊಟ್ಟರೆ 200 ಗೆಲ್ಲುತ್ತಿತ್ತು. 40 ಕೊಟ್ಟರೆ 127 ಗೆಲ್ಲುತ್ತಿತ್ತು. ಅರ್ಧ ರಂಗ ಕಳೆದುಹೋಗಿದ್ದು ಹಾಗೆ.

ಡಿಎಂಎಕ್ಸ್ ಅಂಕಿಗಳನ್ನೇ ನೆಟ್‌ವರ್ಕ್ ಮೇಲೆ ಸಾಗಿಸುವ ಎಸ್‌ಎಸಿಎನ್‌ನಲ್ಲಿ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಇದೆ. ಪ್ರತಿ ಕನ್ಸೋಲ್‌ಗೂ 0ಯಿಂದ 200ರವರೆಗೆ ಪ್ರಯಾರಿಟಿ ಕೊಡಬಹುದು, ಮಾಮೂಲಿ 100. ಮುಖ್ಯ ಕನ್ಸೋಲ್‌ಗೆ 110 ಕೊಟ್ಟರೆ ಅದರ ಮಾತೇ ನಡೆಯುತ್ತದೆ. ಅದು ಸತ್ತರೆ ಎರಡೂವರೆ ಸೆಕೆಂಡ್ ಕಾದು 100ರದ್ದು ವಹಿಸಿಕೊಳ್ಳುತ್ತದೆ. ಆದರೆ ಇದು ಬ್ಯಾಕಪ್ ಇಟ್ಟುಕೊಳ್ಳುವವರ ಆಟ, ನಿಮ್ಮದಲ್ಲ.

ನಿಮಗೆ ನಾನು ಹೇಳುವುದು ಇಷ್ಟೇ: ಡಿಎಂಎಕ್ಸ್ ಸೇರಿಸಲೇಬೇಡಿ. ಹಳೆಯದರ ಲೈನ್ ಡಿಮ್ಮರ್‌ಗೆ, ಹೊಸದರ ಲೈನ್ ಹೆಡ್‌ಗಳಿಗೆ, ಬೇರೆ ಬೇರೆಯಾಗೇ ಇರಲಿ. ಗೋ ಒಂದನ್ನು ಮಾತ್ರ ಜೋಡಿಸಿ. ಅದಕ್ಕೆ 1991ರಿಂದಲೂ ಮಿಡಿ ಶೋ ಕಂಟ್ರೋಲ್ ಇದೆ, ಅಂದರೆ ಮಿಡಿ ಕೇಬಲ್‌ನಲ್ಲಿ ಗೋದಂಥ ಆಜ್ಞೆ ಕಳಿಸುವ ಪದ್ಧತಿ. ಹೊಸದರ ಮಿಡಿ ಔಟ್‌ನಿಂದ ಹಳೆಯದರ ಮಿಡಿ ಇನ್‌ಗೆ ಒಂದು ಕೇಬಲ್. ಹೊಸದರಲ್ಲಿ ಕಳಿಸುವುದನ್ನು ಆನ್ ಮಾಡಿ, ಹಳೆಯದರಲ್ಲಿ ಸ್ವೀಕರಿಸುವುದನ್ನು ಆನ್ ಮಾಡಿ, ಎರಡರಲ್ಲೂ ಡಿವೈಸ್ ಐಡಿ (ಆಜ್ಞೆ ಯಾವ ಯಂತ್ರಕ್ಕೆ ಅನ್ನುವ ನಂಬರ್) ಒಂದೇ ಇಡಿ. ಹತ್ತರಲ್ಲಿ ಎಂಟು ಸಲ ಕೆಲಸ ಕೆಡುವುದು ಈ ಐಡಿಯಲ್ಲೇ.

ಇನ್ನು ಪ್ರೋಗ್ರಾಮಿಂಗ್. ಕ್ಯೂ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದು ಬೆಳಕಿನ ಚಿತ್ರ. ಹೊಸದರಲ್ಲಿ ಕ್ಯೂ 12ಕ್ಕೆ ಗೋ ಒತ್ತಿದರೆ, 12 ಅನ್ನುವ ನಂಬರೂ ಜೊತೆಗೆ ಹೋಗುತ್ತದೆ. ಆದ್ದರಿಂದ ಎರಡರಲ್ಲೂ ಕ್ಯೂ ನಂಬರ್ ಒಂದೇ ಇರಬೇಕು. ಇಲ್ಲೊಂದು ಹಳ್ಳ ಇದೆ. ಹೊಸ ಕನ್ಸೋಲ್‌ಗಳು ಬಹುಪಾಲು ಟ್ರ್ಯಾಕಿಂಗ್ ಮಾಡುತ್ತವೆ, ಅಂದರೆ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತವೆ. ಹಳೆಯ ಸಣ್ಣ ಬೋರ್ಡ್‌ಗಳಲ್ಲಿ ಒಂದೊಂದು ಕ್ಯೂ ಕೂಡ ಪೂರ್ತಿ ಚಿತ್ರ. ಹೆಡ್‌ಗಳು ಮಾತ್ರ ಬದಲಾಗುವ ಕ್ಯೂಗೆ ಸರಿಸಾಟಿಯಾಗಿ ಹಳೆಯದರಲ್ಲಿ ಖಾಲಿ ಕ್ಯೂ ಹಾಕಿದಿರೋ, ಡಿಮ್ಮರ್ ಎಲ್ಲ ಆರಿ ನಟರು ಕತ್ತಲಲ್ಲಿ ನಿಲ್ಲುತ್ತಾರೆ. ಹಿಂದಿನ ಕ್ಯೂನ ಬೆಳಕನ್ನೇ ಹೊಸ ನಂಬರಿಗೆ ಇನ್ನೊಮ್ಮೆ ರೆಕಾರ್ಡ್ ಮಾಡಿ.

ಫೇಡ್ ಟೈಮ್ ಕೇಬಲ್‌ನಲ್ಲಿ ಹೋಗುವುದಿಲ್ಲ, ಗೋ ಮಾತ್ರ ಹೋಗುತ್ತದೆ. ಕತ್ತಲಾಗುವ ಕ್ಯೂಗೆ ಹಳೆಯದರಲ್ಲಿ 3 ಸೆಕೆಂಡ್, ಹೊಸದರಲ್ಲಿ ಮರೆತು 5 ಸೆಕೆಂಡ್ ಉಳಿದಿದ್ದರೆ, ಕೊನೆಯ 2 ಸೆಕೆಂಡ್ ಹೆಡ್‌ನ ಬೆಳಕೊಂದು ರಂಗದಿಂದ ನುಸುಳಿ ಹೋಗುವ ನಟರ ಬೆನ್ನ ಮೇಲೆ ಬೀಳುತ್ತಿರುತ್ತದೆ. ನೋಡುವವರಿಗೆ ಅದೇ ಕಾಣುವುದು, ಅಲ್ವಾ. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಟೈಮ್ ತಾಳೆ ನೋಡಿ.

ರಿಹರ್ಸಲ್‌ನಲ್ಲಿ ಹಿಂದೆ ಹೋಗಬೇಕಾದಾಗ ಬ್ಯಾಕ್ ಬಟನ್ ನಂಬಬೇಡಿ. ಕ್ಯೂ ನಂಬರ್ ಟೈಪ್ ಮಾಡಿಯೇ ಹೋಗಿ, ಆಮೇಲೆ ಹಳೆಯದರ ಸ್ಕ್ರೀನ್‌ನಲ್ಲಿ ಅದೇ ನಂಬರ್ ಬಂತಾ ಅಂತ ಒಂದು ಕಣ್ಣು ಹಾಯಿಸಿ. ಹಳೆಯದರಲ್ಲಿ ತಾನಾಗೇ ಮುಂದಿನ ಕ್ಯೂಗೆ ಹೋಗುವ ಫಾಲೋ ಟೈಮ್‌ಗಳಿದ್ದರೆ ತೆಗೆದುಹಾಕಿ, ಇಲ್ಲವಾದರೆ ಅದು ನಿಮ್ಮನ್ನು ಬಿಟ್ಟು ಮುಂದೆ ಓಡುತ್ತದೆ.

ಒಂದು ರನ್‌ನಲ್ಲಿ ಬೇಕಂತಲೇ ನಡುವೆ ಮಿಡಿ ಕೇಬಲ್ ಕಿತ್ತು ನೋಡಿ. ಹಳೆಯದು ಇದ್ದ ಕ್ಯೂನಲ್ಲೇ ನಿಂತಿರಬೇಕು, ನೀವು ಎಡಗೈಯಲ್ಲಿ ಅದರ ಗೋ ಒತ್ತುತ್ತಾ ಮುಂದುವರಿಯಬೇಕು. ಹಾಗಾಗಿ ಅದನ್ನು ಎಡಗೈಗೆ ಎಟುಕುವ ಕಡೆಯೇ ಇಟ್ಟುಕೊಳ್ಳಿ.

ಹಳೆಯ ಕನ್ಸೋಲ್‌ನ ಹಿಂಬದಿಯಲ್ಲಿ ಮಿಡಿ ಇನ್ ಅಂತ ಇದೆಯಾ ನೋಡಿ ಬರೆಯಿರಿ. ಐದು ಪಿನ್ ಕಂಡ ತಕ್ಷಣ ಅದೇ ಅಂದುಕೊಳ್ಳಬೇಡಿ, ಡಿಎಂಎಕ್ಸ್ ಸಾಕೆಟ್‌ಗೂ ಐದು ಪಿನ್ ಇರುತ್ತದೆ. ಮಿಡಿ ಇಲ್ಲದೆ ರಿಮೋಟ್ ಗೋ ಸ್ವಿಚ್‌ಗೆ ಜಾಗ ಮಾತ್ರ ಇದ್ದರೆ ಅದಕ್ಕೂ ಒಂದು ದಾರಿ ಇದೆ, ಆಗ ಹೇಳುತ್ತೇನೆ.